ಅಫಜಲಪುರದಲ್ಲಿ ಅರ್ಧಕ್ಕೆ ಬಿಟ್ಟ ಸಿನಿಮಾ

ಆಳಂದದಲ್ಲಿ ನಮ್ಮ ಮನೆಗೂ ನನ್ನ ಗೆಳತಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೇಲೆ ಮಾಳಿಗೆಗೆ ಹೋದರೆ ಆ ಗೋಡೆಯೂ ಇರಲಿಲ್ಲ, ಮೊಣಕಾಲೆತ್ತರದ ಒಂದು ಮಣ್ಣಿನ ದಿಂಡು ಮಾತ್ರ ಇತ್ತು. ಅದನ್ನು ದಾಟಿ ಅವಳು ಈಚೆ ಬರುತ್ತಿದ್ದಳು, ಇಲ್ಲವೇ ನಾನು ಆಚೆ ಹೋಗುತ್ತಿದ್ದೆ. ಎಪ್ಪತ್ತರ ದಶಕದ ಮಾತು ಇದು. ನಾವಿಬ್ಬರೂ ಆಗ ಶಾಲೆಗೆ ಹೋಗುವ ಹುಡುಗಿಯರು.

ಅವಳ ಅಪ್ಪ ಲಾರಿ ನಡೆಸುತ್ತಿದ್ದರು. ಸರಸಂಬಾ ಕಡೆಯ ಹಳ್ಳಿಗಳಿಂದ ತೊಗರಿ ತುಂಬಿಕೊಂಡು ಸೊಲ್ಲಾಪುರಕ್ಕೆ ಹೋಗುವುದು, ಎರಡು ದಿನ ಬಿಟ್ಟು ಬರುವುದು. ಬರುವಾಗ ಅಲ್ಲಿಯ ಹಳೆ ಪುಸ್ತಕದ ಗಾಡಿಯಿಂದ ಮಗಳಿಗೆಂದು ಚಿತ್ರಕಥೆ ಪುಸ್ತಕ ತರುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ, ಮುಖಪುಟ ನೋಡಿಯೇ ಆರಿಸುತ್ತಿದ್ದರು. ಹಾಗಾಗಿ ನಮಗೆ ಸಿಗುತ್ತಿದ್ದವು ದೇವರ ಕಥೆಯೂ ಅಲ್ಲ, ರಾಜರ ಕಥೆಯೂ ಅಲ್ಲ. ಪಿಸ್ತೂಲು, ಕರೀ ಮೋಟಾರು, ಓಡುವ ಮನುಷ್ಯರು, ಕತ್ತಲ ಗಲ್ಲಿಗಳು. ಎಲ್ಲಾ ಖೂನಿಯ ಕಥೆಗಳೇ. ಹೊರದೇಶದ ಕಥೆಗಳನ್ನು ಯಾರೋ ಹಿಂದಿಗೆ ತಂದಿದ್ದರು.

ಅವಳು ಉರ್ದು ಶಾಲೆಯವಳು, ಹಿಂದಿಯ ಅಕ್ಷರ ಅವಳಿಗೆ ಗೊತ್ತಿರಲಿಲ್ಲ. ನಾನು ಕನ್ನಡ ಶಾಲೆಯವಳು, ಹಿಂದಿ ಅಕ್ಷರ ಕೂಡಿಸಿ ಓದುತ್ತಿದ್ದೆ, ಆದರೆ ಅರ್ಥ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಬೇಕು, ಅವಳು ಅದರ ಅರ್ಥ ಹೇಳಬೇಕು. ಹೀಗೆ ಒಂದು ಪುಸ್ತಕಕ್ಕೆ ನಾವಿಬ್ಬರೂ ಬೇಕಾಗುತ್ತಿತ್ತು. ಒಬ್ಬಳೇ ಕುಳಿತು ನಾನು ಒಂದೆರಡು ಸಲ ಓದಿ ನೋಡಿದ್ದೆ. ರುಚಿ ಹತ್ತಲಿಲ್ಲ.

ಅವಳಿಗೆ ಮಾತಿಗಿಂತ ಚಿತ್ರ ಮುಖ್ಯ. ನಾನು ಪುಟ ತಿರುವಲು ಹೋದರೆ ಕೈ ಹಿಡಿಯುತ್ತಿದ್ದಳು.

"ತಡಿ ಬೇ. ಇಲ್ಲಿ ನೋಡು. ಇಂಥಾ ಮಳಿಯಾಗ ಈ ಕಿಡಕಿ ಯಾಕ ತೆರದದ?"

"ಯಾರೋ ತೆರದಾರ, ಅದಕ್ಕೇನ?"

"ಸುಮ್ನ ಯಾರ ತೆರೀತಾರ? ಚಿತ್ರ ತೆಗದವ ತೆರದಾನ. ನಮಗ ಏನೋ ಹೇಳಾಕತ್ತಾನ."

ಆಮೇಲೆ ಮೂರ್ನಾಲ್ಕು ಪುಟ ದಾಟಿದ ಮೇಲೆ ಆ ಕಿಟಕಿಯಿಂದಲೇ ಯಾರೋ ಇಳಿದು ಹೋಗಿರುತ್ತಿದ್ದರು. ಅವಳು ಹೇಳಿದ್ದು ಪ್ರತಿ ಸಲವೂ ನಿಜವಾಗುತ್ತಿರಲಿಲ್ಲ. ಆಗದಿದ್ದಾಗ ಅವಳು ಸೋಲು ಒಪ್ಪುತ್ತಲೂ ಇರಲಿಲ್ಲ.

ಆ ಪುಸ್ತಕಗಳಲ್ಲಿ ಒಬ್ಬ ಪತ್ತೇದಾರ ಮತ್ತೆ ಮತ್ತೆ ಬರುತ್ತಿದ್ದ. ಬೂದು ಬಣ್ಣದ ಉದ್ದ ಕೋಟು, ಮೂಗಿನ ಮೇಲೆ ಅಡ್ಡಕ್ಕೆ ಒಂದು ಹಳೆಯ ಗಾಯದ ಗೀರು. ಯಾವಾಗಲೂ ಮುಖದ ಅರ್ಧ ಭಾಗ ಕಪ್ಪು ಶಾಯಿಯಲ್ಲಿ ಮುಳುಗಿರುತ್ತಿತ್ತು. ಹೆಚ್ಚು ಮಾತಾಡದ ಆಸಾಮಿ. ಅವನ ಹೆಸರನ್ನು ನಾನು ಹೇಗೆ ಓದಿದರೂ ಅವಳು ನಗುತ್ತಿದ್ದಳು. ಕೊನೆಗೆ ನಾವು ಅವನಿಗೆ 'ಗೀರಿನವ' ಅಂತಲೇ ಹೆಸರಿಟ್ಟೆವು. ಅವನ ಪುಸ್ತಕ ಬಂದ ದಿನ ಅವಳು ಮಾಳಿಗೆಯ ದಿಂಡಿನ ಮೇಲೆ ನಿಂತು ಕೂಗುತ್ತಿದ್ದಳು, "ಗೀರಿನವ ಬಂದಾನ, ಬಾ!" ನಮ್ಮ ಅವ್ವ ಕೆಳಗಿನಿಂದ, "ಯಾರ ಬಂದಾರಂತ?" ಎಂದು ಕೇಳುತ್ತಿದ್ದಳು.

ಏಳನೆಯ ಇಯತ್ತೆ ಮುಗಿಸಿ ಅವಳು ಶಾಲೆ ಬಿಟ್ಟಳು. ಅದಾದ ಕೆಲವು ವರ್ಷಕ್ಕೆ ಅವಳ ಲಗ್ನವಾಯಿತು. ಗಂಡನ ಊರು ಮಣ್ಣೂರ, ಭೀಮಾ ದಂಡೆಯ ಊರು, ಹೊಳೆಯ ನೀರಿನ ಹೊಲ. ಹೊರಡುವ ದಿನ ಅವಳು ಬಹಳ ಅತ್ತಳು. ನಾನು ಅಳಲಿಲ್ಲ, ಆಳಂದದಿಂದ ಮಣ್ಣೂರಿಗೆ ಬಸ್ಸು ಇದೆಯಲ್ಲ ಅಂದುಕೊಂಡೆ. ಬಸ್ಸೇನೋ ಇತ್ತು. ಆದರೆ ಲಗ್ನವಾದ ಹೆಣ್ಣು ಮತ್ತು ಕೆಲಸಕ್ಕೆ ಹತ್ತಿದ ಹೆಣ್ಣು ಇಬ್ಬರಿಗೂ ಒಂದೇ ದಿನ ಬಿಡುವಾಗುವುದು ಎಷ್ಟು ಕಷ್ಟ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ರಂಜಾನಿಗೆ ಅವಳು ತವರಿಗೆ ಬಂದರೆ ನನಗೆ ರಜೆ ಇಲ್ಲ. ದೀಪಾವಳಿಗೆ ನಾನು ಬಂದರೆ ಅವಳಿಲ್ಲ. ಪುಸ್ತಕಗಳೆಲ್ಲ ಅವಳ ತಮ್ಮಂದಿರ ಕೈಗೆ ಬಂದು ಹರಿದು ಹೋದವು.

ನನಗೆ ಜೇವರ್ಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಲಗ್ನದ ಮಾತು ಬಂದು ಬಂದು ಹೋಗುತ್ತಿತ್ತು. ಹಗಲೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನ ಮುಂದೆ ಕೂಡುವುದು, ಇಜೇರಿಯ ವ್ಯಾಪಾರಿಗೆ ಸೊಲ್ಲಾಪುರದ ಅಡತಿ ಅಂಗಡಿಯನ್ನು ಹಚ್ಚಿಕೊಡುವುದು, ಇನ್ನಾರಿಗೋ ಕಲಬುರ್ಗಿಯ ದವಾಖಾನೆಯನ್ನು ಹಚ್ಚಿಕೊಡುವುದು. ಆಪರೇಟರುಗಳಾದ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಅಫಜಲಪುರದ ಆಪರೇಟರ್ ನನಗಿಂತ ಹಿರಿಯಳು. ಅವಳ ಮುಖವನ್ನು ನಾನು ಕಂಡಿರಲಿಲ್ಲ, ದನಿ ಮಾತ್ರ ಮನೆಯವರ ದನಿಯಷ್ಟು ಗುರುತು.

ತೊಂಬತ್ತರ ದಶಕ ಶುರುವಾದ ಹೊತ್ತು. ಒಂದು ಮಧ್ಯಾಹ್ನ ಲೈನು ಖಾಲಿ ಇದ್ದಾಗ ಆಕೆ ಮಾತಿಗೆ ಬಂದಳು.

"ಜೇವರ್ಗಿ, ಊಟ ಆತೇನ್ರಿ?"

"ಆತ್ರಿ ಅಫಜಲಪುರ. ನಿಮ್ದು?"

"ಆಗ್ಯದ. ನಿನ್ನಿ ನಮ್ಮ ಟಾಕೀಸಿಗೆ ಹೋಗಿದ್ನಿ ನೋಡ್ರಿ. ಒಂದು ಹುಚ್ಚ ಸಿನಿಮಾ ಬಂದದ. ಮಾಡಿದವರು ಇಂಗ್ಲಿಷಿನವರು, ಮಾತಾಡೋದು ಹಿಂದಿ. ಗಲ್ಲಿ ನೀಲಿ ಅಂದ್ರ ಗಲ್ಯಾಗಿನ ಮಂದಿನೂ ನೀಲಿ. ಇನ್ನೊಂದು ಮನಿ ಪೂರಾ ಕೆಂಪು. ನಡುನಡುವ ಪರದಿ ಮ್ಯಾಲ ಗೆರಿ ಬಂದು ನಾಕ್ ಚೌಕ ಆಗ್ತದ, ಒಂದೊಂದ್ರಾಗ ಒಂದೊಂದು ಚಿತ್ರ. ನಂಗಂತೂ ತಲಿ ನೋಯಾಕತ್ತು, ಎದ್ದು ಬಂದ್ನಿ."

"ಕತಿ ಏನ್ರಿ?"

"ಯಾವನೋ ಪತ್ತೇದಾರ. ಬೂದು ಕೋಟು. ಮೂಗಿನ ಮ್ಯಾಲ ಅಡ್ಡ ಗೀರು. ಯಾವ್ದೋ ಚಿತ್ರದ ಪುಸ್ತಕದಾಗಿಂದು ತೆಗದಾರಂತ."

ಬೋರ್ಡಿನಲ್ಲಿ ಯಾರೋ ಕರೆಯುತ್ತಿದ್ದರು. ನಾನು ಸ್ವಲ್ಪ ಹೊತ್ತು ಅದನ್ನು ಎತ್ತಲಿಲ್ಲ. ಆಮೇಲೆ ಆಕೆಗೆ ಹೇಳಿದೆ, "ಅಫಜಲಪುರ, ನಂಗ ಮಣ್ಣೂರ ಪೋಸ್ಟ್ ಆಫೀಸು ಹಚ್ಚಿಕೊಡ್ರಿ."

ಮಣ್ಣೂರಿನ ಪೋಸ್ಟ್ ಮಾಸ್ತರರು ಒಳ್ಳೆಯವರು, ಯಾರನ್ನೋ ಕಳಿಸಿ ಅವಳನ್ನು ಕರೆಸಿದರು. ಮತ್ತೆ ಲೈನು ಹಚ್ಚಿದಾಗ ಮೊದಲು ಕೇಳಿಸಿದ್ದು ಏದುಸಿರು. ಓಡಿ ಬಂದಿದ್ದಳು.

"ಯಾರ ಹೋದ್ರು? ಅಬ್ಬಾ ಏನ?" ಎಂದು ತನ್ನ ಅಪ್ಪನನ್ನು ನೆನೆದು ಚೀರಿದಳು. ಫೋನು ಬಂತೆಂದರೆ ಸಾವಿನ ಸುದ್ದಿಯೇ ಎಂದು ತಿಳಿಯುವ ಕಾಲ.

"ಯಾರಿಗೂ ಏನೂ ಆಗಿಲ್ಲ ಬೇ. ಎಲ್ಲಾರೂ ಆರಾಮ ಅದಾರ. ಗೀರಿನವ ಬಂದಾನ."

ಲೈನು ಹೋಯಿತೇನೋ ಎಂದುಕೊಂಡೆ. ಆಮೇಲೆ ನಗು ಶುರುವಾಯಿತು. ಅಷ್ಟು ದೂರದ ತಂತಿಯಲ್ಲಿ, ಪೋಸ್ಟ್ ಆಫೀಸಿನ ನಾಲ್ಕು ಮಂದಿಯ ಎದುರು, ಎರಡು ಮಕ್ಕಳ ತಾಯಿ ಮಾಳಿಗೆಯ ಮೇಲಿನ ಹುಡುಗಿಯ ಹಾಗೆ ನಕ್ಕಳು.

"ಎಲ್ಲಿಗಿ ಬಂದಾನ?"

"ಅಫಜಲಪುರ ಟಾಕೀಸಿಗೆ. ಶುಕ್ರವಾರ ಸಿನಿಮಾ ಬದಲಾಗ್ತದ. ಅಷ್ಟರಾಗ ನೋಡಬೇಕು."

"ನಮ್ಮ ಅತ್ತಿ ಮುಂದ ಏನಂತ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ನಾನೇ ಬಂದು ಹೇಳ್ತೇನಿ."

ನನ್ನ ವಾರದ ರಜೆಯ ದಿನ ಬೆಳಿಗ್ಗೆ ಬಸ್ಸು ಹಿಡಿದು, ಬದಲಿಸಿ, ಮಣ್ಣೂರಿಗೆ ಹೋದೆ. ಅವಳ ಅತ್ತೆ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ನಾನು ಅವರಿಗೆ ಖಾಲಾ ಎನ್ನುತ್ತಿದ್ದೆ. ಎತ್ತರದ, ಗಟ್ಟಿ ದನಿಯ ಹೆಂಗಸು. ಬಂದ ಕಾರಣ ಹೇಳಿದಾಗ ಮೊರ ಕೆಳಗಿಟ್ಟು ನನ್ನನ್ನು ನೋಡಿದರು.

"ಸಿನಿಮಾ ಸಲುವಾಗಿ ಜೇವರ್ಗಿಲಿಂದ ಬಂದಿ? ಅಂಥಾದ್ದೇನ ಅದ ಅದ್ರಾಗ?"

"ನಾವು ಸಣ್ಣವರಿದ್ದಾಗ ಓದಿದ ಕತಿ ಖಾಲಾ."

"ಪ್ಯಾರ್ ಮೊಹಬ್ಬತ್ ಕತಿ ಏನ?"

"ಅಲ್ರಿ. ಖೂನಿ ಕತಿ."

ಗೆಳತಿ ಒಳಗಿನ ಬಾಗಿಲಲ್ಲಿ ನಿಂತು ಉಸಿರು ಹಿಡಿದಿದ್ದಳು. ಖಾಲಾ ಸೆರಗು ಝಾಡಿಸಿಕೊಂಡು ಎದ್ದರು.

"ಖೂನಿದು ಅಂದ್ರ ನಾನೂ ಬರ್ತೇನಿ. ಈಕಿ ಮಾವ ತೀರಿಹೋದ ಮ್ಯಾಲ ನಾ ಟಾಕೀಸಿನ ಬಾಗಿಲಾ ನೋಡಿಲ್ಲ. ಆದ್ರ ಸಂಜಿ ಬಸ್ಸಿಗಿ ವಾಪಸ್ ಬರಬೇಕು. ಹುಡುಗ್ರು ಸಾಲಿಲಿಂದ ಬರ್ತಾವ."

ಹೀಗೆ ಮೂವರೂ ಹೊರಟೆವು. ಗೆಳತಿ ನನ್ನ ಪಕ್ಕ ಕಿಟಕಿಯ ಬಳಿ ಕುಳಿತಳು. ಮುಂದಿನ ಸೀಟಿನಲ್ಲಿ ಖಾಲಾ ಅಡಕಿ ಚೀಲ ಬಿಚ್ಚಿಕೊಂಡು ಕಂಡಕ್ಟರನಿಗೆ ತಾವು ಎಲ್ಲಿಗೆ ಹೊರಟಿದ್ದೇವೆಂದು ಹೇಳುತ್ತಿದ್ದರು. ಇಷ್ಟು ವರ್ಷದ ಮೇಲೆ ಸಿಕ್ಕಿದ್ದೇವೆ, ಏನೇನೋ ಮಾತಾಡಬೇಕೆಂದು ಜೇವರ್ಗಿಯಿಂದ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ಒಂದೂ ನೆನಪಾಗಲಿಲ್ಲ. ಅವಳ ಕೈ ಒರಟಾಗಿತ್ತು. ಕಬ್ಬಿನ ರವದಿಯ ಒಣ ಗರಿ ಕುಯ್ದ ಗೀರುಗಳಿದ್ದವು. ಅದನ್ನು ನಾನು ನೋಡುತ್ತಿರುವುದು ಕಂಡು ಬುರ್ಖಾದ ತೋಳಿನಲ್ಲಿ ಮುಚ್ಚಿಕೊಂಡಳು. "ಜೇವರ್ಗ್ಯಾಗ ಒಬ್ಬಾಕಿನೇ ಅಡಗಿ ಮಾಡ್ಕೋತಿ? ಉಣ್ಣಾಕ ಬ್ಯಾಸರ ಆಗಂಗಿಲ್ಲ?" ಎಂದು ಕೇಳಿದಳು. ಆಗ್ತದ ಅಂದೆ.

ಟಾಕೀಸು ತಗಡಿನ ಮಾಡಿನದು. ಹೆಂಗಸರಿಗೆ ಒಂದು ಪಕ್ಕದಲ್ಲಿ ಬೇರೆ ಬೆಂಚುಗಳು, ನಡುವೆ ಅರ್ಧ ಗೋಡೆ. ಮ್ಯಾಟ್ನಿಗೆ ಬಂದವರಲ್ಲಿ ಹೆಂಗಸರೆಂದರೆ ನಾವು ಮೂವರೇ. ಆಟ ಶುರುವಾಗಬೇಕಾದ ಹೊತ್ತು ದಾಟಿದರೂ ಪರದೆ ಖಾಲಿಯೇ ಇತ್ತು. ರೀಲಿನ ಒಂದು ಡಬ್ಬಿ ಇನ್ನೂ ಬಂದಿಲ್ಲವಂತೆ. ಖಾಲಾ ಅಡಕಿ ಕತ್ತರಿಸುತ್ತಾ ಕುಳಿತರು. ಗಂಡಸರ ಕಡೆ ಸಿಳ್ಳೆ ಶುರುವಾಯಿತು. ನನ್ನ ಜೀವ ಸಂಜೆಯ ಬಸ್ಸಿನ ಕಡೆಗೇ ಇತ್ತು.

ಕೊನೆಗೂ ದೀಪ ಆರಿತು.

ಆ ಸಿನಿಮಾ ನಾನು ಹಿಂದೆ ನೋಡಿದ ಯಾವ ಸಿನಿಮಾದ ಹಾಗೂ ಇರಲಿಲ್ಲ. ಅದರಲ್ಲಿನ ಊರು ನಿಜವಾದ ಊರಲ್ಲ, ಬರೆದ ಊರು. ಮನೆಗಳ ಗೋಡೆ ಸೊಟ್ಟ, ಚಂದ್ರ ಕಾಗದದಲ್ಲಿ ಕತ್ತರಿಸಿದ ಹಾಗೆ. ನೀಲಿ ಗಲ್ಲಿಯಲ್ಲಿ ನಡೆದವನು ಹಳದಿ ಮೆಟ್ಟಿಲು ಹತ್ತಿದರೆ ಅವನೂ ಹಳದಿಯಾಗುತ್ತಿದ್ದ. ಮಳೆ ಮೇಲಿನಿಂದ ಕೆಳಗೆ ಗೆರೆ ಎಳೆದಂತೆ ಬೀಳುತ್ತಿತ್ತು. ಆ ಮಳೆಯಲ್ಲಿ ಬೂದು ಕೋಟು ಬಂತು. ಅರ್ಧ ಮುಖ ಕಪ್ಪು. ಮೂಗಿನ ಮೇಲೆ ಗೀರು.

ಗೆಳತಿ ನನ್ನ ಮುಂಗೈ ಹಿಡಿದಳು. "ಅವನೇ," ಅಂದಳು.

ಒಂದು ನಾಟಕ ಮಂದಿರದ ಒಡೆಯನ ಕೊಲೆಯಾಗಿತ್ತು. ಅಲ್ಲಿ ಹಾಡುವ ಹೆಣ್ಣಿನ ಮೇಲೆ ಅನುಮಾನ, ಒಡೆಯನ ಪಾಲುದಾರನ ಮೇಲೂ ಅನುಮಾನ. ಹಿಂದಿ ಮಾತು ಜೋರಾಗಿ ಬರುತ್ತಿತ್ತು, ಅದು ಅವಳಿಗೆ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಓದಲು ಅಕ್ಷರ ಇರಲಿಲ್ಲ. ನಾನು ಅವಳಿಗೆ ಓದಿ ಹೇಳುವುದೇನೂ ಇಲ್ಲ ಎಂಬುದು ಅರ್ಧ ತಾಸಿನ ಮೇಲೆ ನನಗೆ ಹೊಳೆಯಿತು. ನಾನು ತಿರುವಲು ಹೋಗಿ ಅವಳು ತಡೆಯಲು ಪುಟವೂ ಇರಲಿಲ್ಲ. ಚಿತ್ರಗಳು ತಮ್ಮಷ್ಟಕ್ಕೆ ಬಂದು ಹೋಗುತ್ತಿದ್ದವು. ಅವಳು ಮುಂದಕ್ಕೆ ಬಾಗಿ, ಎದುರಿನ ಬೆಂಚಿನ ಬೆನ್ನು ಹಿಡಿದು, "ಸ್ವಲ್ಪ ನಿಲ್ಲಸಂಗಿಲ್ಲೇನ ಇವರು," ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು.

ಖಾಲಾ ಮಾತ್ರ ಸುಮ್ಮನಿರಲಿಲ್ಲ. "ಈಕಿ ಮಾರಿ ಯಾಕ ಹಸರಾತು? ಜಡ್ಡೇನ?" "ಇವಂಗ ಹೆಂಡ್ತಿ ಇಲ್ಲೇನ?" ಎಂದು ದೊಡ್ಡ ದನಿಯಲ್ಲಿ ಕೇಳುತ್ತಿದ್ದರು. ಅರ್ಧ ಗೋಡೆಯಾಚೆ ಗಂಡಸರು ನಗುತ್ತಿದ್ದರು. ಹಾಡಿಲ್ಲ, ಹೊಡೆದಾಟ ಕಡಿಮೆ, ಹೀಗಾಗಿ ಮಂದಿ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಆದರೆ ಖಾಲಾ ಇಂಟರ್ವಲ್ ಹೊತ್ತಿಗೆ ಸುಮ್ಮನಾಗಿ ಪರದೆಯನ್ನೇ ನೋಡತೊಡಗಿದ್ದರು.

ಇಂಟರ್ವಲ್ ಆದ ಮೇಲೆ ಗೆಳತಿ ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಹಾಡಾಕಿ ಮಾಡಿಲ್ಲ. ಆಕಿ ಕೈ ನೋಡು, ಯಾವಾಗ್ಲೂ ಬೆಳಕಿನ್ಯಾಗ ಇರ್ತಾವ. ಖೂನಿ ಮಾಡಿದವರ ಕೈ ಹಿಂಗ ಬೆಳಕಿನ್ಯಾಗ ತೋರ್ಸಂಗಿಲ್ಲ."

"ಮತ್ತ ಯಾರು?"

"ನಾಟಕದ ಪರದಿ ಎಳ್ಯಾವ, ಆ ಮುದಕ. ಎರಡ ಸಲ ಬಂದಾನ, ಒಂದ ಮಾತೂ ಆಡಿಲ್ಲ. ನೋಡ್ತಿರು."

ಖಾಲಾ ನನ್ನ ಕೈಗಡಿಯಾರದಲ್ಲಿ ಎಷ್ಟಾಯಿತೆಂದು ಕೇಳಿದ್ದು ಆಗಲೇ. ಬೆಳಕಿಗೆ ಹಿಡಿದು ನೋಡಿ ಹೇಳಿದೆ. ಅವರು ಅಡಕಿ ಚೀಲ ಕಟ್ಟಿದರು.

"ಏಳು ಬೇಟಾ. ಬಸ್ಸು ಹೋದ್ರ ಊರ ಮುಟ್ಟದು ಹ್ಯಾಂಗ?"

ಅವಳು ಇನ್ನೂ ಸ್ವಲ್ಪ ಹೊತ್ತು ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ. ತಕ್ಷಣ ಎದ್ದು ನಿಂತು ಬುರ್ಖಾ ಸರಿ ಮಾಡಿಕೊಂಡಳು. ಅತ್ತೆ ಇಷ್ಟು ದೂರ ಬಂದದ್ದೇ ದೊಡ್ಡದು ಎಂದು ಅವಳಿಗೆ ಗೊತ್ತಿತ್ತು. ಬಾಗಿಲ ಹತ್ತಿರ ಒಮ್ಮೆ ಹಿಂದೆ ತಿರುಗಿದಳು. ಪರದೆಯ ನೀಲಿ ಅವಳ ಮುಖದ ಮೇಲೆ ಬಿತ್ತು.

"ನೀ ಬರಬ್ಯಾಡ. ಪೂರಾ ನೋಡಿ ನಂಗ ಹೇಳು," ಅಂದಳು.

ನಾನು ಕೇಳಲಿಲ್ಲ, ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಬಸ್ಸು ತುಂಬಿತ್ತು. ಯಾರೋ ಎದ್ದು ಖಾಲಾಗೆ ಜಾಗ ಕೊಟ್ಟರು. ಅವಳು ಕಿಟಕಿಗೆ ಬಗ್ಗಿ, "ಹೋಗ ಬೇ, ಮುಗದು ಹೋಗ್ತದ," ಎಂದು ಕೈ ಆಡಿಸಿ ನನ್ನನ್ನು ಓಡಿಸಿದಳು. ಆ ಗಡಿಬಿಡಿಯಲ್ಲಿ ಸರಿಯಾಗಿ ಹೋಗಿ ಬಾ ಎನ್ನುವುದೂ ಆಗಲಿಲ್ಲ.

ನಾನು ಓಡುತ್ತಲೇ ಟಾಕೀಸಿಗೆ ಬಂದೆ. ಗೇಟಿನವನು ಗುರುತು ಹಿಡಿದು ಒಳಗೆ ಬಿಟ್ಟ. ಅದೇ ಬೆಂಚಿನ ಮೇಲೆ ಕುಳಿತು ಉಳಿದದ್ದನ್ನು ನೋಡಿದೆ. ಕೊಲೆ ಮಾಡಿದ್ದು ಹಾಡುವವಳೇ. ಪರದೆ ಎಳೆಯುವವನು ಆಮೇಲೆ ಬರಲೇ ಇಲ್ಲ. ಗೀರಿನವ ಅವಳನ್ನು ಪೊಲೀಸರಿಗೆ ಒಪ್ಪಿಸಿ, ಕೆಂಪು ಬೀದಿಯಲ್ಲಿ ಹೋಗುತ್ತಾ ಹೋಗುತ್ತಾ ಬಿಳಿ ಕಾಗದದ ಮೇಲಿನ ಬರೀ ಗೆರೆಯಾದ. ಚೆನ್ನಾಗಿತ್ತು. ಆದರೆ ಪ್ರತಿ ಸಲ ಚಿತ್ರ ಬದಲಾದಾಗಲೂ ನಾನು ಪಕ್ಕಕ್ಕೆ ತಿರುಗುತ್ತಿದ್ದೆ. ಬೆಂಚಿನ ಮೇಲೆ ಖಾಲಾ ಬಿಟ್ಟು ಹೋದ ಅಡಕಿಯ ಚೂರುಗಳಿದ್ದವು.

ಹೇಳಲು ಆಗಲಿಲ್ಲ. ಮುಂದಿನ ವಾರ ಮಣ್ಣೂರಿಗೆ ಫೋನು ಹಚ್ಚಿದರೆ ಲೈನು ಕೆಟ್ಟಿತ್ತು, ಆಮೇಲೆ ಮಳೆಗಾಲ ಹಿಡಿಯಿತು. ಒಮ್ಮೆ ಸಿಕ್ಕಾಗ ಪೋಸ್ಟ್ ಮಾಸ್ತರರು, "ಅವರು ಊರ ಬಿಟ್ಟಾರ್ರೀ, ಅಣ್ಣತಮ್ಮಂದಿರು ಬ್ಯಾರೆ ಆಗ್ಯಾರ, ಈಕಿ ಗಂಡ ಸೊಲ್ಲಾಪುರಕ್ಕ ಟೆಂಪೋ ಹೊಡ್ಯಾಕ ಹೋಗ್ಯಾನ," ಎಂದರು. ನಮ್ಮ ಎಕ್ಸ್‌ಚೇಂಜೂ ಬದಲಾಯಿತು. ಜನ ತಾವೇ ನಂಬರು ತಿರುಗಿಸಿ ಮಾತಾಡುವ ಯಂತ್ರ ಬಂತು. ಅಫಜಲಪುರದ ದನಿ ನಿಂತುಹೋಯಿತು. ನನ್ನನ್ನು ಕಲಬುರ್ಗಿಯ ಆಫೀಸಿಗೆ ಹಾಕಿದರು.

ಅವಳನ್ನು ಮತ್ತೆ ಕಂಡದ್ದು ಕೆಲವು ವರ್ಷಗಳ ಮೇಲೆ, ಅವಳ ಕಿರಿಯ ತಮ್ಮನ ಲಗ್ನದಲ್ಲಿ, ಆಳಂದದಲ್ಲಿ, ಅದೇ ಮನೆಯಲ್ಲಿ. ಊಟದ ಪಂಕ್ತಿ ಮುಗಿದ ಮಧ್ಯಾಹ್ನ. ನಾನು ಒಳಗೆ ಹೋದಾಗ ಅವಳು ಗೋಡೆಗೆ ಒರಗಿ ಕುಳಿತಿದ್ದಳು, ಸುತ್ತ ಮನೆಯ ಮಕ್ಕಳೆಲ್ಲ ಇದ್ದರು. ಅವಳು ಸಿನಿಮಾ ಹೇಳುತ್ತಿದ್ದಳು. ನೀಲಿ ಗಲ್ಲಿ, ಹಳದಿ ಮೆಟ್ಟಿಲು, ಗೆರೆ ಎಳೆದ ಮಳೆ. ನಾನು ಬಾಗಿಲಲ್ಲೇ ನಿಂತೆ.

ಬಸ್ಸಿಗೆ ಎದ್ದು ಹೋದ ಜಾಗ ಬಂತು. ಅವಳು ನಿಲ್ಲಿಸಲಿಲ್ಲ. ಪರದೆ ಎಳೆಯುವವನು ಮೂವತ್ತು ವರ್ಷ ಆ ಮಂದಿರದಲ್ಲಿ ದುಡಿದವನಂತೆ. ಆ ಪರದೆಯ ಮೇಲಿನ ಕಾಡು, ಹೊಳೆ, ನವಿಲು ಎಲ್ಲ ಅವನೇ ಬರೆದದ್ದಂತೆ. ಒಡೆಯ ಅದನ್ನು ಹರಿದು ಹೊಸದು ಹಾಕಿಸುತ್ತೇನೆ ಅಂದನಂತೆ. ಹಾಡುವವಳಿಗೆ ಇದೆಲ್ಲ ಗೊತ್ತಿತ್ತು, ಆದರೂ ಮುದುಕನ ಹೆಸರು ಹೇಳಲಿಲ್ಲವಂತೆ. ಗೀರಿನವ ಕೊನೆಗೆ ಅವನನ್ನು ಹಿಡಿಯಲು ಹೋದಾಗ ಅವನು ಹರಿದ ಪರದೆಯನ್ನು ಕೂಡಿಸಿ ಹೊಲಿಯುತ್ತಾ ಕುಳಿತಿದ್ದನಂತೆ. ಹೊಲಿಗೆ ಮುಗಿಯುವತನಕ ಗೀರಿನವ ಬಾಗಿಲಲ್ಲಿ ಕಾದು ನಿಂತನಂತೆ.

ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಅವಳ ಮಗಳು ಮಾತ್ರ, "ಅಮ್ಮಿ, ನೀ ಖರೇ ನೋಡಿಯೇನ ಇದನ್ನ?" ಅಂದಳು.

ಗೆಳತಿ ತಲೆಯೆತ್ತಿದಳು, ನನ್ನನ್ನು ಕಂಡಳು. ಮುಖ ಅರಳಿತು. "ಈಕಿನ್ನ ಕೇಳು. ಈಕಿ ಕಡೀತನಕಾ ನೋಡ್ಯಾಳ."

ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದು," ಅಂದೆ. "ಹಂಗೇ ಅದ."

ಮಕ್ಕಳು ಹೊರಗೆ ಓಡಿದ ಮೇಲೆ ಅವಳ ಪಕ್ಕ ಕುಳಿತೆ. ಅವಳು ದನಿ ತಗ್ಗಿಸಿ ಕೇಳಿದಳು.

"ಖರೇ ಹೇಳು. ಹಂಗ ಇತ್ತೇನ?"

"ಇಲ್ಲ."

"ಮತ್ತ ಯಾರು? ಹಾಡಾಕಿನೇ?"

"ಹೂಂ."

ಅವಳು ತಲೆ ಅಲ್ಲಾಡಿಸಿದಳು. "ಅವರು ತಪ್ಪು ತೆಗದಾರ. ಅವು ಖೂನಿ ಮಾಡೋ ಕೈ ಅಲ್ಲ."

ಇಬ್ಬರೂ ನಕ್ಕೆವು. ಖಾಲಾ ಹಿಂದಿನ ವರ್ಷ ಹೋದರೆಂದು ಹೇಳಿದಳು. ಹೋಗುವತನಕ ಆ ಸಿನಿಮಾದ ಸುದ್ದಿ ಎತ್ತುತ್ತಿದ್ದರಂತೆ, ಸೊಸೆಯನ್ನು ಎಬ್ಬಿಸಿಕೊಂಡು ಬರಬಾರದಿತ್ತು ಅನ್ನುತ್ತಿದ್ದರಂತೆ. "ಸೊಲ್ಲಾಪುರಕ್ಕ ಬಾ," ಅಂದಳು. "ಅಲ್ಲಿ ಭಾಳ ಟಾಕೀಸ್ ಅದಾವ. ಬಸ್ಸಿನ ಗಡಿಬಿಡಿ ಇಲ್ಲ. ಇಬ್ಬರೇ ಹೋಗೂಣು." ಬರ್ತೇನಿ ಅಂದೆ. ಅಷ್ಟರಲ್ಲಿ ಯಾರೋ ಅವಳನ್ನು ಅಡುಗೆಮನೆಗೆ ಕರೆದರು.

ಎರಡು ವರ್ಷದ ಮೇಲೆ ಹೋದೆ. ಅವಳು ಹೇಳಿದ್ದ ಗಲ್ಲಿ ಹುಡುಕಿ ಮನೆ ಕೇಳಿದರೆ, ಪಕ್ಕದ ಹೆಂಗಸು ಮರಾಠಿಯಲ್ಲಿ, ಅವರು ಪುಣೆಯ ಕಡೆ ಹೋದರು, ಎಲ್ಲೆಂದು ಗೊತ್ತಿಲ್ಲ ಎಂದಳು. ಕುಡಿಯಲು ನೀರು ಕೊಟ್ಟಳು. ವಾಪಸು ಬರುವಾಗ ದಾರಿಯಲ್ಲಿ ಒಂದು ಟಾಕೀಸು ಇತ್ತು. ಮ್ಯಾಟ್ನಿಯ ಹೊತ್ತು, ಟಿಕೇಟಿಗೆ ಮಂದಿ ನಿಂತಿದ್ದರು. ಹೆಂಗಸರ ಸಾಲಿನಲ್ಲಿ ನನ್ನ ವಯಸ್ಸಿನ ಇಬ್ಬರು ಒಬ್ಬರ ಕಿವಿಗೆ ಒಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು. ಗಂಟೆ ಬಾರಿಸಿ ಅವರೆಲ್ಲ ಒಳಗೆ ಹೋಗುವವರೆಗೆ ನಾನು ಎದುರಿನ ಅಂಗಡಿಯ ನೆರಳಲ್ಲಿ ನಿಂತಿದ್ದೆ. ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.